ಕಿರಿಯರಿಗೆ ಕಲಿಸಲು ಹೊರಟ ವಿದ್ಯಾರ್ಥಿ ಸ್ವಯಂಸೇವಕರಿಗೆ: ಮೊದಲ ದಿನದಿಂದ ಕೊನೆಯ ದಿನದವರೆಗೆ

ತಾವಿನ್ನೂ ಓದುತ್ತಿರುವಾಗಲೇ ನಾಲ್ಕಾರು ವರ್ಷ ಚಿಕ್ಕವರಿಗೆ ಕಲಿಸಲು ಹೊರಡುವವರ ಹತ್ತಿರ ದೊಡ್ಡ ಬಂಡವಾಳವೊಂದು ಇರುತ್ತದೆ. ಭಿನ್ನರಾಶಿ ತಲೆಗೆ ಹತ್ತದೆ ಒದ್ದಾಡಿದ್ದು ಅವರಿಗಿನ್ನೂ ಮರೆತಿರುವುದಿಲ್ಲ. ಆದರೆ ಕಲಿಸುವುದೆಂದರೆ ಎದುರು ನಿಂತು ವಿವರಿಸುವುದು ಎಂಬ ಒಂದೇ ಮಾದರಿಯನ್ನು ಅವರು ಕಂಡಿರುತ್ತಾರೆ. ಹಾಗಾಗಿ ಮೊದಲ ದಿನವೇ ವಿವರಿಸಲು ಶುರುಮಾಡುತ್ತಾರೆ. ಮಗು ತಲೆಯಾಡಿಸುತ್ತದೆ. ಮುಂದಿನ ವಾರ ಏನೂ ಉಳಿದಿರುವುದಿಲ್ಲ.

ವಿವರಣೆ ಆ ಮಗುವಿಗೆ ತರಗತಿಯಲ್ಲಿ ಈಗಾಗಲೇ ಸಿಕ್ಕಿದೆ. ನಲವತ್ತು ಮಕ್ಕಳ ತರಗತಿಯಲ್ಲಿ ಸಿಗದೇ ಹೋದದ್ದು, ತನ್ನ ಪಕ್ಕ ಕೂತು "ಈ ಉತ್ತರ ಹೇಗೆ ಬಂತು, ಹೇಳು ನೋಡೋಣ" ಎಂದು ಕೇಳಿ ಕಡೆಯವರೆಗೂ ಕೇಳಿಸಿಕೊಳ್ಳುವ ಒಬ್ಬರು. ಸ್ವಯಂಸೇವಕರು ಕೊಡಬಹುದಾದ ಅತಿ ದೊಡ್ಡ ಉಪಕಾರ ಅದು. ಕೆಳಗಿನ ಹಂತಗಳೆಲ್ಲ ಆ ಕೇಳುವಿಕೆಗೆ ಜಾಗ ಮಾಡಿಕೊಡುವ ಬಗೆಗಳು.

ಒಪ್ಪಿಕೊಳ್ಳುವ ಮೊದಲು ಸಮಯದ ಲೆಕ್ಕ

ವಾರಕ್ಕೆ ಒಂದು ಗಂಟೆ ಕಲಿಸುತ್ತೇನೆ ಎಂದು ಒಪ್ಪಿಕೊಂಡರೆ ನಿಜವಾಗಿ ಹೋಗುವುದು ಎರಡೂವರೆ ಗಂಟೆ. ತಯಾರಿಗೆ ಸುಮಾರು 40 ನಿಮಿಷ, ಪಾಠಕ್ಕೆ 60, ಮುಗಿದ ಮೇಲೆ ಟಿಪ್ಪಣಿ ಬರೆಯಲು 10, ಉಳಿದದ್ದು ಹೋಗಿಬರಲು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರು ಮೊದಲು ತಯಾರಿಯನ್ನು ಬಿಡುತ್ತಾರೆ, ಆಮೇಲೆ ಟಿಪ್ಪಣಿಯನ್ನು, ಕೊನೆಗೆ ಬರುವುದನ್ನೇ.

ನಿಮ್ಮ ಪರೀಕ್ಷೆಗಳ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು 10ರಿಂದ 12 ವಾರಗಳ ಒಂದು ಅವಧಿಗೆ ಮಾತ್ರ ಒಪ್ಪಿಕೊಳ್ಳಿ. ಶುರು ಯಾವತ್ತು, ಕೊನೆ ಯಾವತ್ತು ಎಂದು ಮೊದಲ ದಿನವೇ ಮಕ್ಕಳಿಗೆ ಹೇಳಿ. "ಎಷ್ಟು ದಿನ ಆಗುತ್ತೋ ಅಷ್ಟು ದಿನ ಬರ್ತೀನಿ" ಎಂಬ ಮಾತು ಉದಾರವಾಗಿ ಕೇಳಿಸುತ್ತದೆ. ಆದರೆ ಯಾವ ವಾರ ಬರುತ್ತಾರೆ, ಯಾವ ವಾರ ಬರುವುದಿಲ್ಲ ಎಂದು ಗೊತ್ತಿಲ್ಲದ ಮಗು ಎರಡು ಸಲ ಕಾದು, ಮೂರನೇ ಸಲ ಕಾಯುವುದನ್ನೇ ಬಿಡುತ್ತದೆ. ಬರಲಾಗದಿದ್ದರೆ ಹಿಂದಿನ ದಿನವೇ ಸಂಸ್ಥೆಯ ಸಂಯೋಜಕರಿಗೆ ತಿಳಿಸಿ, ನಿಮ್ಮ ಬದಲು ಬರುವವರಿಗೆ ಮಗುವಿನ ಟಿಪ್ಪಣಿ ಪುಟವನ್ನು ಕೊಡಿ.

ಒಬ್ಬರಿಗೆ ಒಂದು ಮಗು ಇದ್ದರೆ ಒಳ್ಳೆಯದು. ಮೂರು ಮಕ್ಕಳವರೆಗೆ ಎಲ್ಲರ ಯೋಚನೆಯನ್ನೂ ಹಿಂಬಾಲಿಸಬಹುದು. ಐದು ದಾಟಿದರೆ ಅದು ಮತ್ತೊಂದು ತರಗತಿಯೇ ಆಗಿಬಿಡುತ್ತದೆ. ಆಗ ಇನ್ನೊಬ್ಬ ಸ್ವಯಂಸೇವಕರನ್ನು ಕೇಳಿ ಪಡೆಯಿರಿ.

ಸುರಕ್ಷತೆಯ ನಿಯಮಗಳು

ಇವುಗಳಲ್ಲಿ ರಾಜಿ ಇಲ್ಲ. ಇವು ಮಗುವನ್ನು ಕಾಯುತ್ತವೆ, ನಿಮ್ಮನ್ನೂ ಕಾಯುತ್ತವೆ.

ಮುಚ್ಚಿದ ಕೋಣೆಯಲ್ಲಿ ಒಂದೇ ಮಗುವಿನ ಜೊತೆ ಕೂರಬೇಡಿ. ಬಾಗಿಲು ತೆರೆದಿರಲಿ, ಇನ್ನೊಬ್ಬ ದೊಡ್ಡವರಿಗೆ ಕಾಣುವ ಜಾಗವಿರಲಿ. ಮಗುವಿನ ಜೊತೆ ನೇರವಾಗಿ ಫೋನ್ ನಂಬರ್ ಅಥವಾ ಸಾಮಾಜಿಕ ಜಾಲತಾಣದ ಖಾತೆ ಹಂಚಿಕೊಳ್ಳಬೇಡಿ. ಸಂದೇಶ ಹೋಗುವುದಿದ್ದರೆ ಪೋಷಕರ ಅಥವಾ ಸಂಯೋಜಕರ ಮೂಲಕವೇ ಹೋಗಲಿ. ಫೋಟೊ ತೆಗೆಯಲು ಪೋಷಕರ ಒಪ್ಪಿಗೆಯೂ ಮಗುವಿನ ಒಪ್ಪಿಗೆಯೂ ಬೇಕು. ಒಂದೇ ಮಗುವಿಗೆ ಉಡುಗೊರೆ ಕೊಡುವುದು, ಮನೆಗೆ ಬಿಟ್ಟುಬರುವುದು, ಹೊರಗೆ ಕರೆದೊಯ್ಯುವುದು ಬೇಡ.

ಯಾವುದಾದರೂ ಮಗು ತನಗೆ ಯಾರೋ ಹೊಡೆಯುತ್ತಾರೆ, ಮುಟ್ಟಬಾರದ ಕಡೆ ಮುಟ್ಟುತ್ತಾರೆ ಎಂಬಂಥ ಮಾತು ಹೇಳಿದರೆ ಏನು ಮಾಡಬೇಕೆಂಬುದು ಮೊದಲೇ ಗೊತ್ತಿರಬೇಕು. ಆ ಕ್ಷಣದಲ್ಲಿ ಯೋಚಿಸಲು ಸಮಯ ಇರುವುದಿಲ್ಲ.

1. ಶಾಂತವಾಗಿ ಕೇಳಿಸಿಕೊಳ್ಳಿ. ಮುಖದಲ್ಲಿ ಗಾಬರಿ ಕಂಡರೆ ಮಗು ಅಲ್ಲಿಗೇ ಮಾತು ನಿಲ್ಲಿಸುತ್ತದೆ.
2. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. "ನೀನು ಹೇಳಿದ್ದು ಒಳ್ಳೆಯದಾಯ್ತು. ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಇದನ್ನ ತಿಳಿಸ್ತೀನಿ" ಎನ್ನಿ.
3. ವಿಚಾರಣೆ ಮಾಡಬೇಡಿ. ಕೆದಕುವ ಪ್ರಶ್ನೆಗಳು ಮಗುವನ್ನು ನೋಯಿಸುತ್ತವೆ, ಮುಂದಿನ ತನಿಖೆಗೂ ತೊಡಕಾಗುತ್ತವೆ.
4. ಮಗು ಬಳಸಿದ ಪದಗಳಲ್ಲೇ, ದಿನಾಂಕ ಮತ್ತು ಸಮಯದ ಜೊತೆ ಬರೆದಿಡಿ. ನಿಮ್ಮ ಊಹೆ ಸೇರಿಸಬೇಡಿ.
5. ಅದೇ ದಿನ, ಮಕ್ಕಳ ಸುರಕ್ಷತೆಗೆ ಹೊಣೆಯಾಗಿರುವವರಿಗೆ ತಿಳಿಸಿ. ಆ ವ್ಯಕ್ತಿ ಯಾರೆಂದು ಮೊದಲ ಪಾಠಕ್ಕೆ ಮುಂಚೆಯೇ ಕೇಳಿಟ್ಟುಕೊಂಡಿರಿ. ಸಂಸ್ಥೆಯಲ್ಲಿ ಅಂಥವರು ಯಾರೂ ಇಲ್ಲದಿದ್ದರೆ, ನೇಮಿಸುವವರೆಗೆ ಪಾಠ ಶುರುಮಾಡಬೇಡಿ.

ಮೊದಲ ಎರಡು ಭೇಟಿಗಳು

ಮೊದಲ ದಿನ ಪಾಠವೂ ಬೇಡ, ಪರೀಕ್ಷೆಯೂ ಬೇಡ. ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯಿರಿ, ಮನೆಯಲ್ಲಿ ಕರೆಯುವ ಹೆಸರು ಇಷ್ಟವೋ ಶಾಲೆಯ ಹೆಸರು ಇಷ್ಟವೋ ಕೇಳಿ. "ನಿನಗೆ ಯಾವ ವಿಷಯ ಕಷ್ಟ?" ಎಂದು ಶುರುಮಾಡಿದರೆ ಮಗು ತನ್ನ ಸೋಲಿನಿಂದಲೇ ಪರಿಚಯ ಮಾಡಿಕೊಳ್ಳಬೇಕಾಗುತ್ತದೆ. ಅದರ ಬದಲು "ನಿನಗೆ ಚೆನ್ನಾಗಿ ಗೊತ್ತಿರೋದು ಒಂದನ್ನ ನನಗೆ ಕಲಿಸು" ಎನ್ನಿ. ಅದು ಒಂದು ಆಟವಿರಬಹುದು, ಕಾಗದದ ದೋಣಿಯಿರಬಹುದು, ಚಿತ್ರ ಬಿಡಿಸುವ ಒಂದು ಬಗೆಯಿರಬಹುದು. ಮಗು ಹೇಗೆ ವಿವರಿಸುತ್ತದೆ, ಎಡವಿದಾಗ ಏನು ಮಾಡುತ್ತದೆ ಎಂಬುದು ಹತ್ತೇ ನಿಮಿಷದಲ್ಲಿ ಕಾಣುತ್ತದೆ.

ಎರಡನೇ ಭೇಟಿಯಲ್ಲಿ ಮಗು ಎಲ್ಲಿ ನಿಂತಿದೆ ಎಂದು ನೋಡಿ. ಯಾವ ತರಗತಿ ಎಂಬುದನ್ನು ಪಕ್ಕಕ್ಕಿಡಿ. ಆರನೇ ತರಗತಿಯ ಮಗುವಿಗೆ ಕಳೆಯುವ ಲೆಕ್ಕವೇ ಬಿಗಿಯಾಗಿರದಿದ್ದರೆ ಆರನೇ ತರಗತಿಯ ಪುಸ್ತಕ ತೆರೆದು ಪ್ರಯೋಜನವಿಲ್ಲ. ಸುಲಭದಿಂದ ಕಷ್ಟಕ್ಕೆ ಏರುವ ಒಂದು ಏಣಿ ಮಾಡಿಕೊಳ್ಳಿ. ಗಣಿತಕ್ಕೆ ಇಷ್ಟು ಸಾಕು:

• 47, 74, 60, 99 ಓದುವುದು.
• ಬಾಯಲ್ಲಿ ಹೇಳಿದ ಮುನ್ನೂರ ನಲವತ್ತೈದು, ಮುನ್ನೂರ ಎಂಟು, ಐನೂರ ಅರವತ್ತು ಅಂಕಿಯಲ್ಲಿ ಬರೆಯುವುದು.
• 38 + 47
• 52 − 27
• 24 × 3
• 84 ÷ 4, ಆಮೇಲೆ 615 ÷ 3
• 1/2 ಮತ್ತು 1/3ರಲ್ಲಿ ಯಾವುದು ದೊಡ್ಡದು, ಯಾಕೆ.

ಸತತ ಎರಡು ಮೆಟ್ಟಿಲಲ್ಲಿ ತಪ್ಪಿದರೆ ಅಲ್ಲಿಗೇ ನಿಲ್ಲಿಸಿ. ಒಟ್ಟು 15 ನಿಮಿಷ ಮೀರಬಾರದು. ಆಗುವುದಿಲ್ಲ ಎಂದು ಗೊತ್ತಿದ್ದೂ ಕಡೆಯವರೆಗೆ ಏರಿಸುವುದು ಹಿಂಸೆ. ಕೊನೆಯ ಪ್ರಶ್ನೆ ಮಗುವಿಗೆ ಗೊತ್ತಿರುವಂಥದ್ದೇ ಆಗಿರಲಿ. ಎದ್ದು ಹೋಗುವಾಗ ಬಾಯಲ್ಲಿ ಸರಿ ಉತ್ತರವಿರಬೇಕು.

ಓದಿಗೂ ಇಂಥದೇ ಏಣಿ: ಬಿಡಿ ಅಕ್ಷರ, ಕಾಗುಣಿತ, ಒತ್ತಕ್ಷರವಿಲ್ಲದ ಪದ, ಒತ್ತಕ್ಷರವಿರುವ ಪದ, ನಾಲ್ಕು ಸಾಲಿನ ತುಣುಕು, ಹತ್ತು ಸಾಲಿನ ಕಥೆ. ಕಥೆ ಓದಿದ ಮಗುವಿಗೆ "ಏನಾಯ್ತು ಹೇಳು" ಎಂದು ಕೇಳಲೇಬೇಕು. ಗಡಗಡ ಓದಿ ಒಂದು ಸಾಲೂ ಅರ್ಥವಾಗದ ಮಕ್ಕಳು ಎಲ್ಲ ಕಡೆ ಇದ್ದಾರೆ, ಅವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಲ್ಲೇ ಇನ್ನೊಂದನ್ನು ಗಮನಿಸಿ. ಪುಸ್ತಕ ನೋಡಿ ಸರಿಯಾಗಿ ನಕಲು ಮಾಡುವ ಮಗು ಬೋರ್ಡ್ ನೋಡಿ ಬರೆಯುವಾಗ ತಪ್ಪಿದರೆ, ಕಣ್ಣು ಕಿರಿದು ಮಾಡಿ ನೋಡಿದರೆ, ಕಣ್ಣಿನ ತಪಾಸಣೆ ಬೇಕಿರಬಹುದು. ಪದೇಪದೇ "ಏನು?" ಎನ್ನುವ, ಒಂದೇ ಕಿವಿಯನ್ನು ನಿಮ್ಮ ಕಡೆ ತಿರುಗಿಸುವ ಮಗುವಿಗೆ ಕಿವಿಯ ತಪಾಸಣೆ. ಸಂಯೋಜಕರ ಮೂಲಕ ಮನೆಯವರಿಗೆ ತಿಳಿಸಿ. ಕಲಿಕೆಯ ನ್ಯೂನತೆ ಇರಬಹುದೆಂದು ಅನುಮಾನ ಬಂದರೆ ನೀವಾಗಿ ಹೆಸರಿಡಬೇಡಿ. ನೀವು ಕಂಡದ್ದನ್ನಷ್ಟೇ ಬರೆದು ಶಿಕ್ಷಕರಿಗೆ ಕೊಡಿ.

ಒಂದು ಗಂಟೆಯನ್ನು ಹಂಚಿಕೊಳ್ಳುವುದು

ಮೊದಲ 5 ನಿಮಿಷ ಕುಶಲ ಮಾತು. ಮುಂದಿನ 10 ನಿಮಿಷ ಹಳೆಯದರ ಮೇಲೆ ನಾಲ್ಕೈದು ಪ್ರಶ್ನೆಗಳು, ಪುಸ್ತಕ ಮುಚ್ಚಿಟ್ಟು. ಆಮೇಲೆ 12 ನಿಮಿಷ ಹೊಸ ವಿಷಯ, ಒಂದೇ ವಿಷಯ. ನಂತರದ 20 ನಿಮಿಷ ಮಗು ತಾನೇ ಮಾಡುವ ಅಭ್ಯಾಸ. 8 ನಿಮಿಷ ಆಟ ಅಥವಾ ನೀವು ಗಟ್ಟಿಯಾಗಿ ಕಥೆ ಓದಿ ಹೇಳುವುದು. ಕೊನೆಯ 5 ನಿಮಿಷದಲ್ಲಿ ಅಂದಿನ ವಿಷಯದ ಒಂದೇ ಒಂದು ಪ್ರಶ್ನೆ, ಯಾರ ಸಹಾಯವೂ ಇಲ್ಲದೆ, ಚೀಟಿಯ ಮೇಲೆ. ಆ ಚೀಟಿಯೇ ನಿಮ್ಮ ಮುಂದಿನ ವಾರದ ತಯಾರಿ.

ಹೊಸಬರು ಎಡವುವುದು ಸಾಮಾನ್ಯವಾಗಿ 20 ನಿಮಿಷದ ಅಭ್ಯಾಸದಲ್ಲಿ. ಹೊಸ ವಿಷಯವನ್ನು 35 ನಿಮಿಷ ಎಳೆದು, ಅಭ್ಯಾಸಕ್ಕೆ ಎರಡು ಲೆಕ್ಕ ಕೊಟ್ಟು ಮುಗಿಸುತ್ತಾರೆ. ನೀವು ಬೋರ್ಡಿನ ಮೇಲೆ ಮಾಡಿದ ಲೆಕ್ಕ ನಿಮಗೆ ಅಭ್ಯಾಸವಾಯಿತು, ಮಗುವಿಗಲ್ಲ. ಹೊಸ ವಿಷಯಕ್ಕೆ ಈ ಕ್ರಮ ಹಿಡಿಯಿರಿ: ಒಂದು ಲೆಕ್ಕವನ್ನು ನೀವು ಯೋಚಿಸುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಮಾಡಿ. ಎರಡನೆಯದನ್ನು ಇಬ್ಬರೂ ಸೇರಿ, ಒಂದು ಹಂತ ನೀವು, ಒಂದು ಹಂತ ಮಗು. ಮೂರನೆಯದನ್ನು ಮಗು ಮಾಡಲಿ, ನೀವು ನೋಡುತ್ತಿರಿ. ನಾಲ್ಕನೆಯದರಲ್ಲಿ ನೀವು ಅತ್ತ ತಿರುಗಿ ಕೂತುಬಿಡಿ. ಮೂರರಲ್ಲಿ ತಪ್ಪಿದರೆ ಮತ್ತೆ ಎರಡಕ್ಕೆ ಇಳಿಯಿರಿ, ಒಂದಕ್ಕೆ ಇಳಿಯುವ ಅಗತ್ಯ ಬರುವುದು ಕಡಿಮೆ.

ಹೋಂವರ್ಕ್ ಹೊತ್ತು ಬರುವ ಮಕ್ಕಳಿಗೆ ಗಂಟೆಯಲ್ಲಿ 20 ನಿಮಿಷ ಅದಕ್ಕೆಂದು ಕೊಡಿ, ಅದಕ್ಕಿಂತ ಹೆಚ್ಚು ಬೇಡ. ಉತ್ತರ ಬರೆಸಿ ಕಳಿಸಿದರೆ ಆ ದಿನ ಎಲ್ಲರಿಗೂ ಸಮಾಧಾನ, ಆದರೆ ಮಗುವಿಗೆ ಬಾರದೇ ಇರುವುದು ಶಿಕ್ಷಕರಿಂದ ಮರೆಯಾಗುತ್ತದೆ. ಮೊದಲ ಒಂದನ್ನು ಜೊತೆಯಲ್ಲಿ ಮಾಡಿ, ಉಳಿದದ್ದು ಬಾರದಿದ್ದರೆ ಬಾರದೆಂದೇ ಹೋಗಲಿ.

ಪ್ರಶ್ನೆ ಕೇಳಿ, ಸುಮ್ಮನಿರಿ

"ಅರ್ಥ ಆಯ್ತಾ?" ಎಂಬ ಪ್ರಶ್ನೆಯನ್ನು ಇಂದಿನಿಂದಲೇ ಬಿಟ್ಟುಬಿಡಿ. ಅದಕ್ಕೆ ಮಕ್ಕಳು ಕೊಡುವ ಉತ್ತರ "ಹೂಂ" ಒಂದೇ. ಅರ್ಥವಾಗಿಲ್ಲ ಎನ್ನಲು ಧೈರ್ಯ ಬೇಕು, ಮೇಲಾಗಿ ಏನು ಅರ್ಥವಾಗಿಲ್ಲ ಎಂಬುದೇ ಅರ್ಥವಾಗದವರಿಗೆ ಗೊತ್ತಿರುವುದಿಲ್ಲ. ಬದಲಿಗೆ ಹೀಗೆ ಕೇಳಿ: "ಇದನ್ನ ನಿನ್ನ ತಂಗಿಗೆ ಹೇಗೆ ಹೇಳಿಕೊಡ್ತೀಯ?" "ಈ ಹಂತದಲ್ಲಿ 1 ಎಲ್ಲಿಂದ ಬಂತು?" "ಉತ್ತರ 100ಕ್ಕಿಂತ ಹೆಚ್ಚು ಬರುತ್ತಾ, ಕಡಿಮೆಯಾ? ಲೆಕ್ಕ ಮಾಡೋಕೆ ಮುಂಚೆ ಹೇಳು."

ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಇನ್ನೂ ಕಷ್ಟ. ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸುಮಾರು ಒಂದೇ ಸೆಕೆಂಡು ಎಂದು ಕಂಡುಬಂತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡತೊಡಗಿದರು. ಮನಸ್ಸಿನಲ್ಲಿ ನಿಧಾನಕ್ಕೆ ಐದರವರೆಗೆ ಎಣಿಸಿ. ಆ ಮೌನದಲ್ಲಿ ಮಗುವಿನ ಮುಖವನ್ನೇ ನೋಡುತ್ತಿದ್ದರೆ ಒತ್ತಡವಾಗುತ್ತದೆ, ನಿಮ್ಮ ಕಣ್ಣು ಕಾಗದದ ಮೇಲಿರಲಿ.

ಉತ್ತರ ಸರಿಯಿದ್ದಾಗಲೂ "ಹೇಗೆ ಗೊತ್ತಾಯ್ತು?" ಎಂದು ಕೇಳಿ. ತಪ್ಪಾದಾಗ ಮಾತ್ರ ಕೇಳಿದರೆ ಆ ಪ್ರಶ್ನೆಯೇ ಕೆಂಪು ಗುರುತಾಗಿಬಿಡುತ್ತದೆ. ಪೆನ್ಸಿಲು ಮಗುವಿನ ಕೈಯಲ್ಲೇ ಇರಲಿ. ಸಹಾಯ ಮಾಡುವ ಆತುರದಲ್ಲಿ ಪೆನ್ಸಿಲು ಕಿತ್ತುಕೊಂಡ ಕ್ಷಣವೇ ಲೆಕ್ಕ ನಿಮ್ಮದಾಯಿತು.

ತಪ್ಪಿನ ಹಿಂದಿನ ತರ್ಕ

ಮಕ್ಕಳ ಬಹುಪಾಲು ತಪ್ಪುಗಳು ಅಜಾಗರೂಕತೆಯಿಂದ ಬಂದವಲ್ಲ. ಅವರದೇ ಒಂದು ನಿಯಮವಿರುತ್ತದೆ, ಆ ನಿಯಮ ಕೆಲವು ಕಡೆ ಸರಿ ಉತ್ತರವನ್ನೂ ಕೊಟ್ಟಿರುತ್ತದೆ. ಆ ನಿಯಮ ಸಿಗುವವರೆಗೆ ತಿದ್ದಿ ಫಲವಿಲ್ಲ. ಪದೇಪದೇ ಕಾಣುವ ಕೆಲವನ್ನು ಬಿಡಿಸಿ ನೋಡೋಣ.

52 − 27 = 35. ಮಗು ಪ್ರತಿ ಸಾಲಿನಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 5ರಿಂದ 2, 7ರಿಂದ 2. "ಚಿಕ್ಕದರಿಂದ ದೊಡ್ಡದನ್ನು ಕಳೆಯಲಾಗದು" ಎಂದು ಯಾರೋ ಹೇಳಿದ್ದನ್ನು ಅದು ನಿಷ್ಠೆಯಿಂದ ಪಾಲಿಸಿದೆ. "ಪಕ್ಕದಿಂದ ಕಡ ತಗೋ" ಎಂದು ಮತ್ತೆ ಹೇಳಿದರೆ ಒಂದು ವಾರ ಸರಿಹೋಗಿ ಮತ್ತೆ ಬರುತ್ತದೆ. 60 ಕಡ್ಡಿಗಳು ಮತ್ತು ರಬ್ಬರ್ ಬ್ಯಾಂಡ್ ಇಟ್ಟುಕೊಳ್ಳಿ. ಹತ್ತರ ಐದು ಕಟ್ಟು, ಬಿಡಿ ಎರಡು. ಏಳು ಬಿಡಿ ಕಡ್ಡಿ ಕೊಡು ಎಂದು ಕೇಳಿ. ಮಗು ತಾನಾಗೇ ಒಂದು ಕಟ್ಟು ಬಿಚ್ಚುತ್ತದೆ: ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ಕೊಟ್ಟರೆ ಐದು ಉಳಿಯಿತು, ಎರಡು ಕಟ್ಟು ಕೊಟ್ಟರೆ ಎರಡು ಉಳಿಯಿತು. ಕಡ್ಡಿಯಲ್ಲಿ ಮಾಡಿದ ಪ್ರತಿ ಕೆಲಸವನ್ನೂ ಆಗಲೇ ಕಾಗದದ ಮೇಲೆ ಗುರುತು ಹಾಕಿಸಿ. ಕಡ್ಡಿಯ ಆಟ ಬೇರೆ, ಬರೆಯುವ ಲೆಕ್ಕ ಬೇರೆ ಎಂದಾದರೆ ಪ್ರಯೋಜನವಿಲ್ಲ.

ಮುನ್ನೂರ ನಲವತ್ತೈದಕ್ಕೆ 30045. ಕಿವಿಗೆ ಬಿದ್ದಂತೆ ಬರೆದಿದೆ: ಮುನ್ನೂರು 300, ನಲವತ್ತೈದು 45. ದಪ್ಪ ಕಾಗದದಲ್ಲಿ 300, 40, 5 ಎಂದು ಮೂರು ಬೇರೆ ಉದ್ದದ ಚೀಟಿ ಕತ್ತರಿಸಿ, ಬಲಬದಿ ಸಮವಾಗಿ ಬರುವಂತೆ ಒಂದರ ಮೇಲೊಂದು ಇಡಿಸಿ. ಸೊನ್ನೆಗಳು ಮುಚ್ಚಿಕೊಂಡು 345 ಕಾಣುತ್ತದೆ. ಮುನ್ನೂರ ಎಂಟಕ್ಕೆ 38 ಎಂದು ಬರೆಯುವ ಮಗುವಿಗೂ ಇದೇ ಮದ್ದು, ಅಲ್ಲಿ ನಡುವಿನ ಸೊನ್ನೆ ಮುಚ್ಚದೆ ಉಳಿಯುತ್ತದೆ.

615 ÷ 3 = 25. 6ರಲ್ಲಿ ಎರಡು ಸಲ, 1ರಲ್ಲಿ ಹೋಗುವುದಿಲ್ಲ, 15ರಲ್ಲಿ ಐದು ಸಲ. ಹೋಗುವುದಿಲ್ಲ ಎಂದಾಗ ಸೊನ್ನೆ ಬರೆಯಬೇಕೆಂದು ಹೊಳೆದಿಲ್ಲ. ಲೆಕ್ಕಕ್ಕೆ ಮುಂಚೆ ಅಂದಾಜು ಕೇಳಿದ್ದರೆ, 600ನ್ನು ಮೂವರಿಗೆ ಹಂಚಿದರೇ 200 ಬರುತ್ತದಲ್ಲ ಎಂದು ಮಗುವೇ ತಪ್ಪನ್ನು ಹಿಡಿಯುತ್ತಿತ್ತು.

1/2 + 1/3 = 2/5. ಮೇಲಿನದನ್ನು ಮೇಲೆ, ಕೆಳಗಿನದನ್ನು ಕೆಳಗೆ ಕೂಡಿಸಿದೆ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಎಂದು ಶುರುಮಾಡುವ ಮೊದಲು ಕೇಳಿ: 2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ? ಕಡಿಮೆ. ಹಾಗಾದರೆ ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಯಿತೇ? ಮಗುವಿನ ಮುಖದಲ್ಲಿ ಮೂಡುವ ಗೊಂದಲ ಬೆಲೆಬಾಳುವಂಥದ್ದು, ಅದಕ್ಕೆ ಒಂದು ನಿಮಿಷ ಕೊಡಿ. ಆಮೇಲೆ ಉದ್ದನೆಯ ಕಾಗದದ ಪಟ್ಟಿಯನ್ನು ಮೂರಾಗಿ ಮಡಚಿ, ಅದನ್ನು ಮತ್ತೆ ಎರಡಾಗಿ ಮಡಚಿಸಿ. ಬಿಚ್ಚಿದರೆ ಆರು ಭಾಗ. ಅರ್ಧವೆಂದರೆ ಮೂರು ಭಾಗ, ಮೂರನೇ ಒಂದೆಂದರೆ ಎರಡು ಭಾಗ, ಒಟ್ಟು 5/6. ಸಮಛೇದ ಯಾಕೆ ಬೇಕು ಎಂಬುದು ಕೈಗೇ ಗೊತ್ತಾಗುತ್ತದೆ.

0.35 ದೊಡ್ಡದು, 0.5 ಚಿಕ್ಕದು. ಯಾಕೆಂದರೆ 35 ದೊಡ್ಡದು, 5 ಚಿಕ್ಕದು. ಹತ್ತು ಅಡ್ಡ, ಹತ್ತು ಉದ್ದದ ನೂರು ಚೌಕ ಬರೆದು ಒಂದರಲ್ಲಿ 35 ಚೌಕಕ್ಕೆ, ಇನ್ನೊಂದರಲ್ಲಿ ಐದು ಪೂರ್ತಿ ಸಾಲಿಗೆ ಬಣ್ಣ ಹಚ್ಚಿಸಿ.

8 + 4 = □ + 5 ಎಂಬಲ್ಲಿ 12 ಅಥವಾ 17 ಬರೆಯುವ ಮಕ್ಕಳು ಮೇಲಿನ ತರಗತಿಗಳಲ್ಲೂ ಸಿಗುತ್ತಾರೆ. ಸಮ ಚಿಹ್ನೆ ಎಂದರೆ "ಈಗ ಉತ್ತರ ಬರೆ" ಎಂಬ ಅಪ್ಪಣೆ ಎಂದು ಅವರು ತಿಳಿದಿರುತ್ತಾರೆ. ಎರಡು ತಟ್ಟೆಯ ತಕ್ಕಡಿಯ ಚಿತ್ರ ಬರೆದು ಎರಡೂ ಕಡೆ ಸಮತೂಕ ಬರುವಂತೆ ಕೇಳಿ, 7 ಎಂದು ಹೊಳೆಯುತ್ತದೆ. ಇದು ಸರಿಹೋಗದೆ ಬೀಜಗಣಿತಕ್ಕೆ ಕಾಲಿಡಬೇಡಿ.

ಓದು ಕಲಿಸುವಾಗ

ಕನ್ನಡ ಓದಿನಲ್ಲಿ ಮಕ್ಕಳು ಮುಗ್ಗರಿಸುವುದು ಹೆಚ್ಚಾಗಿ ಒತ್ತಕ್ಷರದಲ್ಲಿ. ಅಕ್ಕ, ಅಮ್ಮ, ಹಳ್ಳಿ ಇಂಥ ಸಜಾತೀಯ ಒತ್ತುಗಳಿಂದ ಶುರುಮಾಡಿ. ಅವು ಗಟ್ಟಿಯಾದ ಮೇಲೆ ಪುಸ್ತಕ, ಚಂದ್ರ, ವಿದ್ಯೆ. ಪುಸ್ತಕವನ್ನು "ಪುಸಕ" ಎಂದು ಓದಿದರೆ ಮಗು ಕೆಳಗಿನ ಒತ್ತನ್ನು ನೋಡಿಯೇ ಇಲ್ಲ. "ಪುಸತಕ" ಎಂದರೆ ನೋಡಿದೆ, ಆದರೆ ಮೇಲಿನ ಅಕ್ಷರದ ಸ್ವರವನ್ನು ಬಿಡಬೇಕೆಂದು ಗೊತ್ತಿಲ್ಲ. ಎರಡಕ್ಕೂ ಪಾಠ ಬೇರೆ. ಮೊದಲನೆಯವರಿಗೆ ಒತ್ತಿನ ಮೇಲೆ ಬಣ್ಣ ಹಚ್ಚುವ ಕೆಲಸ, ಎರಡನೆಯವರಿಗೆ ಚಪ್ಪಾಳೆ ತಟ್ಟಿ ಪುಸ್-ತ-ಕ ಎಂದು ಬಿಡಿಸುವ ಕೆಲಸ.

ಅರ್ಕಾವೊತ್ತನ್ನು ಪ್ರತ್ಯೇಕವಾಗಿ, ಕಡೆಯಲ್ಲಿ ಕಲಿಸಿ. ಸೂರ್ಯ ಎಂಬಲ್ಲಿ ಆ ಗುರುತನ್ನು ಬರೆಯುವುದು "ಯ" ಆದ ಮೇಲೆ, ಉಚ್ಚರಿಸುವುದು ಅದಕ್ಕೆ ಮೊದಲು. ಎಡದಿಂದ ಬಲಕ್ಕೆ ಓದುವ ಮಗು "ಸೂಯರ" ಎಂದರೆ ಅದರ ತಪ್ಪಲ್ಲ. ಸೂರ್ಯ, ಕಾರ್ಯ, ವರ್ಷ, ಮಾರ್ಗ ಎಂದು ಹತ್ತು ಪದಗಳನ್ನು ಒಟ್ಟಿಗೆ ಇಟ್ಟು, ಗುರುತಿನಿಂದ ಹಿಂದಕ್ಕೆ ಒಂದು ಬಾಣ ಎಳೆಸಿ.

ಪುಸ್ತಕ ಆರಿಸುವಾಗ ಬೆರಳ ಲೆಕ್ಕ ಸಾಕು. ಒಂದು ಪುಟ ಓದಿಸಿ, ಬಾರದ ಪ್ರತಿ ಪದಕ್ಕೂ ಒಂದು ಬೆರಳು ಮಡಚಲಿ. ಎರಡು ಮೂರು ಬೆರಳಾದರೆ ಸರಿಯಾದ ಪುಸ್ತಕ, ಐದೂ ಮಡಚಿದರೆ ಸದ್ಯಕ್ಕೆ ನೀವು ಓದಿ ಹೇಳುವ ಪುಸ್ತಕ. ಓದಿನ ಓಟ ಸುಧಾರಿಸಲು 50ರಿಂದ 60 ಪದಗಳ ಒಂದೇ ತುಣುಕನ್ನು ಮೂರು ನಾಲ್ಕು ಸಲ ಓದಿಸಿ: ಮೊದಲು ನೀವು ಓದಿ, ಆಮೇಲೆ ಇಬ್ಬರೂ ಸೇರಿ, ಆಮೇಲೆ ಮಗು ಒಂದೇ. ಪದ ತಡವರಿಸಿದರೆ ಐದು ಸೆಕೆಂಡು ಕಾದು, ಆಗಲೂ ಬಾರದಿದ್ದರೆ ಹೇಳಿಬಿಡಿ. ಪ್ರತಿ ಪದಕ್ಕೂ ನಿಲ್ಲಿಸಿ ಅಕ್ಷರ ಬಿಡಿಸಿದರೆ ವಾಕ್ಯದ ತುದಿ ತಲುಪುವಷ್ಟರಲ್ಲಿ ಮೊದಲರ್ಧ ಮರೆತಿರುತ್ತದೆ.

ಹೊಗಳುವುದು, ತಿದ್ದುವುದು

"ನೀನು ಜಾಣ" ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ, ಆದರೂ ಕೆಡಿಸುತ್ತದೆ. ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬುದ್ಧಿವಂತಿಕೆಗೆ ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು, ಪಟ್ಟ ಶ್ರಮಕ್ಕೆ ಹೊಗಳಿಸಿಕೊಂಡವರಿಗಿಂತ ಸುಲಭದ ಕೆಲಸಗಳನ್ನೇ ಹೆಚ್ಚಾಗಿ ಆರಿಸಿಕೊಂಡರು, ಒಮ್ಮೆ ಸೋತ ಮೇಲೆ ಬೇಗ ಕುಗ್ಗಿದರು. ಜಾಣ ಎನಿಸಿಕೊಂಡವನಿಗೆ ಆ ಬಿರುದು ಕಳೆದುಕೊಳ್ಳುವ ಭಯ. ಹಾಗಾಗಿ ಕಂಡದ್ದನ್ನು ಹೆಸರಿಸಿ: "ಮೊದಲ ದಾರಿ ಹತ್ತಲಿಲ್ಲ ಅಂತ ಇನ್ನೊಂದು ದಾರಿ ಹುಡುಕಿದೆಯಲ್ಲ." "ಇವತ್ತು ಉತ್ತರವನ್ನ ನೀನೇ ಪರೀಕ್ಷೆ ಮಾಡಿ ನೋಡಿದೆ." ಏನೂ ಮಾಡದಿದ್ದಾಗ ಸುಮ್ಮನೆ "ವೆರಿ ಗುಡ್" ಬೇಡ. ಮಕ್ಕಳಿಗೆ ಅದು ಗೊತ್ತಾಗುತ್ತದೆ.

ಇಬ್ಬರು ಮಕ್ಕಳನ್ನು ಎಂದೂ ಹೋಲಿಸಬೇಡಿ. ಹೋಲಿಸುವುದಿದ್ದರೆ ಅದೇ ಮಗುವಿನ ಮೂರು ವಾರದ ಹಿಂದಿನ ಪುಟವನ್ನು ಪಕ್ಕದಲ್ಲಿಡಿ.

ಗಮನ ಕೊಡದ ಮಗು ಎಂದರೆ ಹೆಚ್ಚಾಗಿ ಕೆಲಸ ತೀರಾ ಕಷ್ಟ ಅಥವಾ ತೀರಾ ಸುಲಭ ಎಂದರ್ಥ. ಗದರುವ ಮೊದಲು ಒಂದು ಮೆಟ್ಟಿಲು ಇಳಿಸಿ ನೋಡಿ, ಇಲ್ಲವೇ ಏರಿಸಿ ನೋಡಿ. ಹಸಿವು, ನಿದ್ದೆ, ಮನೆಯ ಜಗಳವೂ ಕಾರಣವಿರಬಹುದು. ಮಾತೇ ಆಡದ ಮಗುವಿಗೆ ಮೊದಲು ತೋರಿಸುವ, ಬರೆಯುವ, ಆರಿಸುವ ದಾರಿ ಕೊಡಿ, ಮಾತಿಗೆ ಒತ್ತಾಯ ಬೇಡ. ಗುಂಪಿನಲ್ಲಿ ಎಲ್ಲ ಉತ್ತರವನ್ನೂ ತಾನೇ ಹೇಳುವ ಮಗುವಿದ್ದರೆ, ಎಲ್ಲರೂ ಚೀಟಿಯಲ್ಲಿ ಬರೆದು ಒಟ್ಟಿಗೆ ಎತ್ತಿ ತೋರಿಸುವ ಪದ್ಧತಿ ತನ್ನಿ.

ಹದಿಹರೆಯದವರ ಜೊತೆ

ಹದಿಮೂರು ದಾಟಿದವರಿಗೆ ಪಾಠಕ್ಕಿಂತ ಓದುವ ವಿಧಾನ ಹೆಚ್ಚು ಬೇಕಿರುತ್ತದೆ. ಮತ್ತೆ ಮತ್ತೆ ಓದಿದರೆ ಬರುತ್ತದೆ ಎಂಬ ನಂಬಿಕೆ ಅವರಲ್ಲಿ ಬಲವಾಗಿದೆ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಐದು ನಿಮಿಷದ ನಂತರ ಕೇಳಿದಾಗ ಪುನಃ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿಕೊಂಡವರು ಹೆಚ್ಚು ಉಳಿಸಿಕೊಂಡಿದ್ದರು. ಇದನ್ನು ಹೇಳಿ ಬಿಡಬೇಡಿ, ಮಾಡಿಸಿ ತೋರಿಸಿ. ಒಂದು ಪುಟವನ್ನು ಎರಡು ಸಲ ಓದಿಸಿ, ಇನ್ನೊಂದು ಪುಟವನ್ನು ಒಂದು ಸಲ ಓದಿಸಿ ಖಾಲಿ ಹಾಳೆಯಲ್ಲಿ ನೆನಪಾದದ್ದನ್ನೆಲ್ಲ ಬರೆಸಿ. ಮುಂದಿನ ವಾರ ಎರಡರ ಮೇಲೂ ಪ್ರಶ್ನೆ ಕೇಳಿ.

ಕಲಿತದ್ದು ಹೇಗೆ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಪ್ರಕಟಿಸಿದ್ದ: ಮೊದಮೊದಲು ಬಹಳ ವೇಗ, ಆಮೇಲೆ ನಿಧಾನ. ಆದ್ದರಿಂದ ಕಲಿತ ಮರುದಿನ, ಮೂರನೇ ದಿನ, ಒಂದು ವಾರಕ್ಕೆ, ಎರಡು ವಾರಕ್ಕೆ ನೆನಪಿಸಿಕೊಳ್ಳುವ ಗುರುತನ್ನು ಕ್ಯಾಲೆಂಡರಿನಲ್ಲಿ ಹಾಕಿಸಿ. ವೇಳಾಪಟ್ಟಿ ಮಾಡಿಸುವಾಗ ದಿನಕ್ಕೆ ನಾಲ್ಕು ಗಂಟೆ ಎಂಬ ಕನಸಿನ ಪಟ್ಟಿ ಬೇಡ. 25 ನಿಮಿಷದ ಎರಡು ಬಾರಿಯ ಓದು, ನಡುವೆ ಐದು ನಿಮಿಷ ವಿರಾಮ, ಎರಡು ವಾರ ತಪ್ಪದೆ ನಡೆದರೆ ಆಮೇಲೆ ಹೆಚ್ಚಿಸಿ.

ಮುಂದೆ ಏನು ಓದಲಿ, ಅಪ್ಪ ಅಮ್ಮ ಹೀಗೆ ಹೇಳುತ್ತಾರೆ, ಸ್ನೇಹಿತರು ಮಾತು ಬಿಟ್ಟಿದ್ದಾರೆ ಎಂಬ ವಿಷಯಗಳೂ ಬರುತ್ತವೆ. ನಿಮ್ಮ ಬದುಕಿನ ನಿರ್ಧಾರವನ್ನು ಅವರಿಗೆ ಹೊದಿಸಬೇಡಿ. "ನಿನಗೆ ಏನನ್ನಿಸುತ್ತೆ? ಆ ದಾರಿ ಹಿಡಿದ ಯಾರನ್ನಾದರೂ ಕೇಳಿದ್ದೀಯ?" ಎಂದು ಕೇಳಿ. ಬದುಕುವುದೇ ಬೇಡ ಎಂಬಂಥ ಮಾತು ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂಟಿಯಾಗಿ ಬಿಡದೆ, ಆಗಲೇ ಹೊಣೆಯಿರುವ ದೊಡ್ಡವರನ್ನು ಕರೆಯಿರಿ.

ಆನ್‌ಲೈನ್ ಪಾಠವಾದರೆ ಒಂದು ಗಂಟೆಯನ್ನು 40 ನಿಮಿಷಕ್ಕೆ ಇಳಿಸಿ, ಮನೆಯ ದೊಡ್ಡವರಿಗೆ ಗೊತ್ತಿರುವ ಕೊಂಡಿಯನ್ನೇ ಬಳಸಿ, ಕ್ಯಾಮೆರಾ ಮಗುವಿನ ಮುಖದ ಬದಲು ನೋಟ್‌ಬುಕ್ಕಿನ ಕಡೆ ತಿರುಗಿರಲಿ. ನಿಮಗೆ ಕಾಣಬೇಕಾದ್ದು ಬರೆಯುತ್ತಿರುವ ಕೈ.

ಟಿಪ್ಪಣಿ ಮತ್ತು ಬೀಳ್ಕೊಡುಗೆ

ಪ್ರತಿ ಮಗುವಿಗೂ ಒಂದು ಪುಟ, ಪ್ರತಿ ಭೇಟಿಗೂ ನಾಲ್ಕು ಸಾಲು: ಏನು ಮಾಡಿದೆವು, ಎಲ್ಲಿ ಸಿಕ್ಕಿಬಿತ್ತು (ಮಗು ಬರೆದ ತಪ್ಪು ಉತ್ತರವನ್ನೇ ನಕಲು ಮಾಡಿ), ಯಾವುದು ನೆರವಾಯಿತು, ಮುಂದಿನ ಸಲ ಏನು. "ಚೆನ್ನಾಗಿ ಮಾಡಿದಳು" ಎಂಬ ಟಿಪ್ಪಣಿಯಿಂದ ಯಾರಿಗೂ ಉಪಯೋಗವಿಲ್ಲ. "52 − 27ಕ್ಕೆ 35 ಬರೆದಳು, ಕಡ್ಡಿಯಲ್ಲಿ ಸರಿ ಬಂತು, ಕಾಗದದ ಮೇಲೆ ಇನ್ನೂ ಇಲ್ಲ" ಎಂಬುದರಿಂದ ಇದೆ. ಮನೆಯ ವಿಷಯ, ಮಗು ಗುಟ್ಟಾಗಿ ಹೇಳಿದ್ದು ಈ ಪುಟದಲ್ಲಿ ಬರಬಾರದು. ನಾಲ್ಕು ವಾರಕ್ಕೊಮ್ಮೆ ಮೊದಲಿನ ಏಣಿಯನ್ನು ಬೇರೆ ಅಂಕಿಗಳೊಂದಿಗೆ ಮತ್ತೆ ಹತ್ತಿಸಿ. ಒಂದೂ ಮೆಟ್ಟಿಲು ಮೇಲೇರದಿದ್ದರೆ ನಿಮ್ಮ ವಿಧಾನ ಬದಲಾಗಬೇಕು. ಅನುಭವಿ ಶಿಕ್ಷಕರೊಬ್ಬರನ್ನು ಪಕ್ಕದಲ್ಲಿ ಕೂತು ನೋಡಲು ಕರೆಯಿರಿ.

ಕೊನೆ ಹತ್ತಿರವಾದಾಗ ಮೂರು ಭೇಟಿಗೆ ಮೊದಲೇ ನೆನಪಿಸಿ: ಇನ್ನು ಮೂರು, ಇನ್ನು ಎರಡು, ಇವತ್ತೇ ಕೊನೆ. ಕೆಲವು ಮಕ್ಕಳು ಕೊನೆಯ ವಾರಗಳಲ್ಲಿ ಮುನಿಸಿಕೊಂಡು ದೂರ ಸರಿಯುತ್ತಾರೆ, ಕೆಲವರು ಬರುವುದನ್ನೇ ನಿಲ್ಲಿಸುತ್ತಾರೆ. ಅಗಲಿಕೆಯನ್ನು ತಮ್ಮ ಕೈಯಲ್ಲಿಟ್ಟುಕೊಳ್ಳುವ ಬಗೆ ಅದು, ಬೇಸರಿಸಬೇಡಿ. "ಆಗಾಗ ಬಂದು ಹೋಗ್ತೀನಿ" ಎಂದು ಖಚಿತವಿಲ್ಲದೆ ಹೇಳಬೇಡಿ.

ಕೊನೆಯ ದಿನ ಮೊದಲ ವಾರದ ಪುಟ ಮತ್ತು ಈಗಿನ ಪುಟವನ್ನು ಮಗುವಿನ ಮುಂದಿಟ್ಟು, ಏನು ಬದಲಾಗಿದೆ ಎಂದು ಅದರ ಬಾಯಿಂದಲೇ ಹೇಳಿಸಿ. ನಿಮ್ಮ ನಂತರ ಕಲಿಸಲು ಬರುವವರಿಗೆ ಟಿಪ್ಪಣಿಗಳ ಜೊತೆ ಇನ್ನೊಂದು ಹಾಳೆ ಬರೆದಿಡಿ: ಏಣಿಯಲ್ಲಿ ಮಗು ಈಗ ಯಾವ ಮೆಟ್ಟಿಲಲ್ಲಿದೆ, ಯಾವ ಬಗೆಯ ವಿವರಣೆ ಹಿಡಿಸುತ್ತದೆ, ಎಷ್ಟು ಹೊತ್ತು ಕಾದರೆ ಉತ್ತರ ಬರುತ್ತದೆ, ಯಾವ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ದೀರಿ, ಯಾವ ಹೆಸರಿನಿಂದ ಕರೆದರೆ ಇಷ್ಟ. ಆಗುವುದಾದರೆ ಆ ಹೊಸಬರು ಕೊನೆಯ ಭೇಟಿಗೆ ನಿಮ್ಮ ಜೊತೆಯಲ್ಲೇ ಬಂದು ಕೂರಲಿ, ಕಥೆಯ ಉಳಿದರ್ಧವನ್ನು ಅವರೇ ಓದಲಿ.